ಮೂರು ತೀರದ ಸಿಂಪಿ, ನನ್ನದೊಂದು ನಾಲಿಗೆ

ಆ ಭಾನುವಾರ ಏನೇ ಆಗಲಿ, ಯಾರು ಏನೇ ಅನ್ನಲಿ, ನಾನು ರೇಗುವುದಿಲ್ಲ ಎಂದು ಶುಕ್ರವಾರವೇ ತೀರ್ಮಾನ ಮಾಡಿದ್ದೆ. ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಎಷ್ಟೋ ಮರ್ಯಾದೆ ಉಳಿಯುತ್ತಿತ್ತು. ನಾನು ಮನೆಯಲ್ಲಿ ಡಂಗುರ ಸಾರಿಬಿಟ್ಟೆ.

ನನ್ನ ತಾಳ್ಮೆ ಸಾಮಾನ್ಯದ್ದಲ್ಲ. ಬಂದರಿನ ಶೆಡ್ಡಿನಲ್ಲಿ ಒಂದೇ ಮಣೆಯ ಮೇಲೆ ಕೂತು ನಲವತ್ತೆರಡು ವರ್ಷ ಸಿಂಪಿ ಬಿಡಿಸಿದವಳು ನಾನು. ಸಿಂಪಿಗೆ ಅವಸರ ಮಾಡಿದರೆ ಅದು ಬಾಯಿ ಬಿಡುವುದಿಲ್ಲ, ನಮ್ಮ ಅಂಗೈ ಬಿಡಿಸುತ್ತದೆ. ಎರಡು ಚಿಪ್ಪು ಸೇರುವ ಮೂಲೆಯಲ್ಲಿ ಚೂರಿಯ ಮೊನೆ ಇಟ್ಟು, ಮಣಿಕಟ್ಟು ಒಂದಿಷ್ಟೇ ತಿರುಗಿಸಿ, ಅದು ಒಪ್ಪುವ ತನಕ ಕಾಯಬೇಕು. ಓದಿದ್ದು ಮೂರನೇ ಕ್ಲಾಸು. ಆದರೆ ಒಂದು ಹಸಿ ಸಿಂಪಿಯನ್ನು ಚಿಪ್ಪಿನಿಂದ ಬಾಯಿಗೆ ಜಾರಿಸಿದರೆ ಅದು ಯಾವ ತೀರದ್ದು, ಹಿಂದಿನ ವಾರ ಅಲ್ಲಿ ಮಳೆ ಬಂದಿತ್ತಾ ಇಲ್ಲವಾ ಎಂದು ಹೇಳುವಷ್ಟು ವಿದ್ಯೆ ನನ್ನ ನಾಲಿಗೆಗಿದೆ. ಬಂದರಿನಲ್ಲಿ ನನ್ನನ್ನು ಸಿಂಪಿ ಅಜ್ಜಿ ಅಂತಲೇ ಕರೆಯುತ್ತಾರೆ.

"ಭಾನುವಾರ ನಾನು ರೇಗೋದಿಲ್ಲ," ಎಂದೆ ನಮ್ಮ ಯಜಮಾನರಿಗೆ.

"ಹೌದಾ?" ಎಂದರು ಅವರು, ಪೇಪರಿನಿಂದ ತಲೆ ಎತ್ತದೆ.

ಆ 'ಹೌದಾ' ಅಂದ ರೀತಿಗೆ ನನಗೆ ಅಲ್ಲೇ ಮೈಯೆಲ್ಲ ಉರಿಯಿತು. ಅದು ಶುಕ್ರವಾರವಾದ್ದರಿಂದ ಲೆಕ್ಕಕ್ಕಿಲ್ಲ.

ಭಾನುವಾರದ ವಿಶೇಷ ಏನೆಂದರೆ, ಬಂದರಿನ ದೊಡ್ಡ ಹೋಟೆಲಿನ ಮಾಲೀಕ ನಮ್ಮ ಮನೆಗೆ ಸಿಂಪಿಯ ರುಚಿ ನೋಡಲು ಬರುವವನಿದ್ದ. ಈ ಹಂಗಾಮಿಗೆಲ್ಲ ಅವನು ಒಂದೇ ತೀರದಿಂದ ಸಿಂಪಿ ತರಿಸುತ್ತಾನಂತೆ. ಅವನ ಐಸು ಗಾಡಿ ಇರುವುದು ಒಂದೇ. ಅದು ಮೂರು ದಿಕ್ಕಿಗೆ ಓಡಲಾರದು. ಉತ್ತರದ ಕೊಲ್ಲಿಯದ್ದಾ, ದಕ್ಷಿಣದ ಬಂಡೆಯದ್ದಾ, ಹೊಳೆ ಸಮುದ್ರ ಸೇರುವ ಅಳಿವೆಯದ್ದಾ? ತಿಂದು ಹೇಳುವವರು ಬೇಕಿತ್ತು. ಸಿಂಪಿ ಅಜ್ಜಿಯನ್ನು ಬಿಟ್ಟು ಇನ್ಯಾರಿದ್ದಾರೆ?

ಇಲ್ಲೊಂದು ತೊಡಕು. ಉತ್ತರದ ಕೊಲ್ಲಿಯಲ್ಲಿ ಸಿಂಪಿ ಬೆಳೆಸುವವನು ನನ್ನ ಒಡಹುಟ್ಟಿದ ತಮ್ಮ. ದಕ್ಷಿಣದ ಬಂಡೆಯಲ್ಲಿ ಸಿಂಪಿ ಕೀಳುವವಳು ನನ್ನ ನಾದಿನಿ, ನಮ್ಮ ಯಜಮಾನರ ಒಬ್ಬಳೇ ತಂಗಿ. ನನ್ನ ತಮ್ಮ ಅದೇ ವಾರ ಫೋನು ಮಾಡಿದ್ದ.

"ಅಕ್ಕಾ, ಈ ಸಲ ಹೋಟೆಲಿನವರು ಬೇಡ ಅಂದ್ರೆ ಸಿಂಪಿ ಪೆಟ್ಟಿಗೆಗಳನ್ನೆಲ್ಲ ನೀರಿಂದ ಮೇಲೆತ್ತಿಬಿಡ್ತೀನಿ. ಐಸ್ ಫ್ಯಾಕ್ಟರಿಯವರು ಕೆಲಸಕ್ಕೆ ಕರೀತಿದ್ದಾರೆ."

"ಅಪ್ಪನ ಕಾಲದ ಪೆಟ್ಟಿಗೆಗಳು ಕಣೋ."

"ಗೊತ್ತಕ್ಕ. ಅದಕ್ಕೇ ನಿನಗೆ ಹೇಳ್ತಿರೋದು."

ಅಷ್ಟು ಹೇಳಿ ಸುಮ್ಮನಾದ. ಅವನು ಸುಮ್ಮನಾದರೆ ನನಗೆ ಕೇಳುತ್ತದೆ. ನಾನು ಮಾತಾಡುವುದಕ್ಕಿಂತ ಕೇಳಿಸಿಕೊಳ್ಳುವುದು ಹೆಚ್ಚು. ನಮ್ಮ ಯಜಮಾನರು ಇದನ್ನು ಒಪ್ಪುವುದಿಲ್ಲ, ಅದು ಬೇರೆ ಮಾತು.

ನಾದಿನಿಗೆ ಸುದ್ದಿ ಮುಟ್ಟಿದ ತಕ್ಷಣ ಅವಳು ಒಂದೇ ಷರತ್ತು ಹಾಕಿದಳು. "ಅತ್ತಿಗೆ ಕಣ್ಣು ಕಟ್ಟಿಕೊಂಡು ತಿನ್ನಬೇಕು. ಚಿಪ್ಪು ನಾನೇ ಬಿಡಿಸ್ತೀನಿ. ಮೊದಲು ಯಾವುದು ಯಾವ ತೀರದ್ದು ಅಂತ ಸರಿಯಾಗಿ ಹೇಳಲಿ. ಆಮೇಲೆ ಯಾವುದು ಚೆನ್ನಾಗಿದೆ ಅಂತಾರೋ ಅದಕ್ಕೆ ನನ್ನ ಒಪ್ಪಿಗೆ ಇದೆ."

"ನನ್ನ ಮೇಲೆ ಅಷ್ಟು ನಂಬಿಕೆನಾ?" ಎಂದು ಕೇಳಿದೆ.

"ನಿಮ್ಮ ಬಾಯಿ ಜೋರು ಅತ್ತಿಗೆ. ಆದ್ರೆ ನಿಮ್ಮ ನಾಲಿಗೆ ಸುಳ್ಳು ಹೇಳಲ್ಲ."

ಇದು ಹೊಗಳಿಕೆಯಾ ಬೈಗುಳವಾ ಎಂದು ಯೋಚಿಸುತ್ತಾ ಎರಡು ದಿನ ಕಳೆದೆ. ಎರಡೂ ದಿನ ಸಿಟ್ಟಿನಲ್ಲೇ ಇದ್ದೆ.

ಶನಿವಾರ ಬೆಳಿಗ್ಗೆ ಮೂರು ಗೋಣಿಚೀಲ ಬಂದವು. ಮೂರು ಬೋಗುಣಿಯಲ್ಲಿ ಬೇರೆ ಬೇರೆಯಾಗಿ ಜೋಡಿಸಿದೆ. ಹೊಟ್ಟೆಯ ಭಾಗ ಕೆಳಗೆ, ಚಪ್ಪಟೆ ಭಾಗ ಮೇಲೆ. ಮೇಲೊಂದು ಒದ್ದೆ ಗೋಣಿ. ಅಡುಗೆಮನೆಯ ತಣ್ಣನೆಯ ಮೂಲೆಯಲ್ಲಿ ಇಟ್ಟು, ಯಜಮಾನರನ್ನು ಕರೆದು ನಿಲ್ಲಿಸಿ, ಬೆರಳು ತೋರಿಸಿ ಹೇಳಿದೆ: "ನಾನು ಶೆಡ್ಡಿಗೆ ಹೋಗಿ ಸಾಯಂಕಾಲ ಬರ್ತೀನಿ. ಇವನ್ನ ಮುಟ್ಟಬೇಡಿ."

"ನಾನ್ಯಾಕೆ ಮುಟ್ಟಲಿ?" ಎಂದರು.

ನಮ್ಮ ಯಜಮಾನರ ಪರಿಚಯ ಮಾಡಿಕೊಡಬೇಕು. ಮೂವತ್ತು ವರ್ಷ ದಡದಿಂದ ದಡಕ್ಕೆ ಜನರನ್ನು ದಾಟಿಸುವ ಲಾಂಚು ನಡೆಸಿ ನಿವೃತ್ತರಾದವರು. ಒಳ್ಳೆಯವರು. ಅದೇ ದೊಡ್ಡ ತೊಂದರೆ. ನಿವೃತ್ತಿಯಾದ ಮೇಲೆ ಯಾರನ್ನೂ ಯಾವುದನ್ನೂ ಅದರ ಪಾಡಿಗೆ ಬಿಡಲಾರರು. ನನ್ನ ಹೊಲಿಗೆ ಯಂತ್ರ ಕಿರುಗುಟ್ಟುತ್ತದೆ ಎಂದು ಎಣ್ಣೆ ಬಿಟ್ಟರು. ಆರು ತಿಂಗಳು ಹೊಲಿದ ಬಟ್ಟೆಗೆಲ್ಲ ಕಲೆ. ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಬಿಚ್ಚಿದರು. ಈಗ ಅದು ದಿನಕ್ಕೆ ಎರಡು ಸಲ ಮಾತ್ರ ಸರಿ. ಇನ್ನು ರುಚಿಯ ವಿಷಯ ಕೇಳಲೇಬೇಡಿ. ತಟ್ಟೆಗೆ ಏನು ಬಿದ್ದರೂ ತಲೆ ತಗ್ಗಿಸಿ ಉಂಡು, ತಟ್ಟೆ ತೊಳೆದಿಟ್ಟು, "ಆಯ್ತು" ಎನ್ನುವ ಮನುಷ್ಯ. ಮದುವೆಯಾದಾಗಿನಿಂದ ನನ್ನ ಅಡುಗೆಯನ್ನು ಹೊಗಳಿದ್ದೂ ಇಲ್ಲ, ತೆಗಳಿದ್ದೂ ಇಲ್ಲ. ಅವರ ಬಾಯಲ್ಲಿ ದೇವರು ನಾಲಿಗೆಯ ಬದಲು ಚಪ್ಪಲಿಯ ಅಟ್ಟೆ ಇಟ್ಟಿದ್ದಾನೆ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದೇನೆ. ಅವರ ಎದುರಿಗೇ.

ಸಾಯಂಕಾಲ ಬಂದು ನೋಡಿದರೆ ಮೂರೂ ಬೋಗುಣಿ ಇದ್ದಲ್ಲೇ ಇದ್ದವು. ಗೋಣಿ ಚೆನ್ನಾಗಿ ಒದ್ದೆಯಾಗಿತ್ತು.

"ನೀರು ಚಿಮುಕಿಸಿದ್ರಾ?"

"ಹೂಂ, ಸ್ವಲ್ಪ."

"ಪರವಾಗಿಲ್ಲ, ನಿಮಗೂ ಬುದ್ಧಿ ಬರ್ತಿದೆ," ಎಂದೆ. ನನ್ನ ಬಾಯಿಂದ ಅವರಿಗೆ ಮೆಚ್ಚುಗೆ ಬಂದದ್ದು ಆ ವರ್ಷದಲ್ಲಿ ಅದೇ ಮೊದಲು. ಅವರ ಮುಖ ಯಾಕೋ ಪೆಚ್ಚಾಯಿತು. ನಾನು ಸಂಕೋಚ ಅಂದುಕೊಂಡೆ.

ಭಾನುವಾರ ಹನ್ನೊಂದಕ್ಕೆ ಮಾಲೀಕ ಬಂದ. ನಲವತ್ತರ ಆಸುಪಾಸಿನವನು, ಇಸ್ತ್ರಿ ಶರ್ಟು, ಜೇಬಿನಲ್ಲಿ ಪುಟ್ಟ ಡೈರಿ. ಅವನಿಗೆ ನಾನು ಮನಸ್ಸಿನಲ್ಲೇ ಡೈರಿಯಪ್ಪ ಎಂದು ನಾಮಕರಣ ಮಾಡಿದೆ. ನಾದಿನಿ ತನ್ನದೇ ಚೂರಿ ತಂದಿದ್ದಳು. ನಡುಮನೆಯ ಮೇಜಿನ ಮೇಲೆ ಐಸು ಹರಡಿದ ತಟ್ಟೆ, ಹೆಚ್ಚಿದ ನಿಂಬೆಹಣ್ಣು.

"ನಿಂಬೆ ತೆಗೀರಿ," ಎಂದ ಡೈರಿಯಪ್ಪ. "ನಿಂಬೆ ಹಿಂಡಿದ್ರೆ ಸಿಂಪಿಯ ವ್ಯಕ್ತಿತ್ವ ಮುಚ್ಚಿಹೋಗುತ್ತೆ."

ಸಿಂಪಿಗೆ ವ್ಯಕ್ತಿತ್ವ! ನಲವತ್ತೆರಡು ವರ್ಷ ಅದರ ಹೊಟ್ಟೆ ಬಗೆದ ನನಗೆ ಇವನು ಹೇಳಿಕೊಡುತ್ತಾನೆ. ಉಸಿರು ಬಿಗಿ ಹಿಡಿದು ಹತ್ತು ಎಣಿಸಿದೆ. ರೇಗಲಿಲ್ಲ. ನಿಂಬೆಹಣ್ಣಿನ ತಟ್ಟೆಯನ್ನು ಸ್ವಲ್ಪ ಜೋರಾಗಿ ಅಡುಗೆಕಟ್ಟೆಯ ಮೇಲೆ ಇಟ್ಟೆ, ಅಷ್ಟೇ. ಅದು ಮೊದಲೇ ಬಿರುಕು ಬಿಟ್ಟಿತ್ತು ಅನ್ನಿಸುತ್ತದೆ.

ನಾದಿನಿ ಟವೆಲು ತಂದು ನನ್ನ ಕಣ್ಣಿಗೆ ಬಿಗಿದಳು. ಅಡುಗೆಮನೆಯಲ್ಲೇ ಎಲ್ಲರಿಗೂ ಮೂರು ಮೂರು ಸಿಂಪಿ ಬಿಡಿಸಿ ತಂದು, ಮೊದಲನೆಯದನ್ನು ನನ್ನ ಕೈಗಿಟ್ಟಳು.

ನಿಮಗೆ ಹೇಳಿಬಿಡುತ್ತೇನೆ, ಈ ಮೂರರ ರುಚಿ ಗೊಂದಲವಾಗುವಂಥದ್ದೇ ಅಲ್ಲ. ಕೊಲ್ಲಿಯ ಸಿಂಪಿ ಮೊದಲು ಸ್ವಲ್ಪ ಉಪ್ಪು, ಅಗಿದ ಮೇಲೆ ಸಿಹಿ, ಹಾಲಿನ ಕೆನೆಯ ಹಾಗೆ ನಿಧಾನವಾಗಿ ಇಳಿಯುತ್ತದೆ. ಬಂಡೆಯ ಸಿಂಪಿ ಕೆನ್ನೆಗೆ ಹೊಡೆದ ಹಾಗೆ ಉಪ್ಪು, ಕೊನೆಯಲ್ಲಿ ಚೂರಿ ನೆಕ್ಕಿದಂತೆ ಕಬ್ಬಿಣ. ಅಳಿವೆಯದ್ದು ಸಿಹಿನೀರು ಕುಡಿದು ದಪ್ಪಗಾದದ್ದು, ಸೌತೆಕಾಯಿಯ ತಿರುಳು.

ಮೊದಲನೆಯದನ್ನು ಬಾಯಿಗೆ ಜಾರಿಸಿದೆ. ಅಗಿದೆ. ಉಪ್ಪು. ಬರೀ ಉಪ್ಪು. ಉಪ್ಪಿನ ಡಬ್ಬಿಗೆ ನಾಲಿಗೆ ಹಾಕಿದ ಹಾಗೆ ಮೊಂಡು ಉಪ್ಪು. ಅದರ ಹಿಂದೆ ಏನೋ ಒಂದು, ಮುಖ ತೊಳೆದಾಗ ಬಾಯಿಗೆ ಹೋಗುವಂಥದ್ದು.

ಎರಡನೆಯದು. ಅದೇ.

ಮೂರನೆಯದು. ಅದೇ.

ಡಾಕ್ಟರು ಹೋದ ತಿಂಗಳು ರಕ್ತದೊತ್ತಡದ ಗುಳಿಗೆ ಬದಲಾಯಿಸಿದ್ದರು. "ಕೆಲವರಿಗೆ ಬಾಯಿರುಚಿ ಸ್ವಲ್ಪ ಕಡಿಮೆ ಆಗಬಹುದಮ್ಮ" ಎಂದೂ ಹೇಳಿದ್ದರು. ನನಗಲ್ಲ, ಆ ಕೆಲವರಿಗೆ ಎಂದುಕೊಂಡು ಬಂದಿದ್ದೆ. ಹೋಯಿತು, ನಾಲಿಗೆ ಹೋಯಿತು. ಸಿಂಪಿ ಅಜ್ಜಿಯಲ್ಲಿ ಇನ್ನು ಉಳಿದದ್ದು ಬರೀ ಅಜ್ಜಿ. ತಮ್ಮ ನೀರಿನಿಂದ ಒಂದೊಂದೇ ಪೆಟ್ಟಿಗೆ ಮೇಲೆತ್ತುತ್ತಿರುವುದು ಟವೆಲಿನ ಕತ್ತಲೆಯಲ್ಲಿ ಕಾಣಿಸಿತು.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ. ಅದು ನನ್ನ ತಪ್ಪಲ್ಲ.

"ಏ, ಮೂರು ಸಲಾನೂ ನಿನ್ನ ಬಂಡೇದೇ ಕೊಟ್ಟೆಯಾ?" ಎಂದು ಟವೆಲು ಎಳೆದು ಹಾಕಿದೆ.

ನಾದಿನಿಯ ಮುಖ ಕೆಂಪಾಯಿತು. "ನೋಡಿ ಅತ್ತಿಗೆ, ಚಿಪ್ಪು ಇಲ್ಲೇ ಇದೆ. ನುಣುಪಾಗಿರೋದು ನಿಮ್ಮ ತಮ್ಮಂದು, ಒರಟು ನಂದು, ಉದ್ದಕ್ಕಿರೋದು ಅಳಿವೇದು. ಕಣ್ಣು ಬಿಟ್ಟಿದ್ದಾಗಲಾದ್ರೂ ಕಾಣುತ್ತಾ?"

ನೋಡಿದೆ. ಮೂರೂ ಬೇರೆ ಬೇರೆಯೇ.

"ಬೇಕಿದ್ರೆ ಈ ಸಲ ನಿಮ್ಮ ಪಕ್ಕದಲ್ಲೇ ಕೂತು ಬಿಡಿಸ್ತೀನಿ. ಎಲ್ಲರೂ ನೋಡಲಿ," ಎಂದು ಕುರ್ಚಿ ಎಳೆದುಕೊಂಡಳು. ಟವೆಲನ್ನು ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು. ಎರಡು ಕೂದಲು ಕಿತ್ತುಬಂದವು. ಬೇಕಂತಲೇ.

ಅಷ್ಟರಲ್ಲಿ ಡೈರಿಯಪ್ಪ ತಾನೂ ರುಚಿ ನೋಡುತ್ತಿದ್ದ. ಕಣ್ಣು ಕಾಣದಿದ್ದರೂ ಅವನ ಪೆನ್ನು ಕೆರೆಯುವುದು ಕೇಳಿಸುತ್ತಿತ್ತು. "ಆಹಾ. ಇದರಲ್ಲಿ ಸೌತೆಕಾಯಿ. ಇದರಲ್ಲಿ ಕಬ್ಬಿಣ, ಗಂಭೀರವಾದ ಕಬ್ಬಿಣ. ಇದು ಬೆಣ್ಣೆ. ಮತ್ತೆ ಕೊನೇಲಿ, ತುಂಬಾ ಹಿಂದೆ, ಒಂದು ಹೂವು. ಗುಲಾಬಿ ಅನ್ಸುತ್ತೆ."

"ಹೌದು ಹೌದು, ಗುಲಾಬಿ," ಎಂದಳು ನಾದಿನಿ. ಜನ್ಮದಲ್ಲಿ ಸಿಂಪಿಯಲ್ಲಿ ಗುಲಾಬಿ ಕಂಡವಳಲ್ಲ. ಕಂಡಿದ್ದರೆ ನನಗೆ ಹೇಳದೆ ಇರುತ್ತಿರಲಿಲ್ಲ.

ಎಲ್ಲರಿಗೂ ಎಲ್ಲ ಸಿಗುತ್ತಿದೆ. ನನಗೊಬ್ಬಳಿಗೆ ಉಪ್ಪಿನ ಡಬ್ಬಿ.

"ಅಜ್ಜ, ನೀವೂ ತಗೊಳ್ಳಿ," ಎಂದ ಡೈರಿಯಪ್ಪ ಉದಾರವಾಗಿ.

ನಮ್ಮ ಯಜಮಾನರು ಮೂರನ್ನೂ ತಿಂದರು. ತಿಂದು, ಮೆಲ್ಲಗೆ, "ನಂಗೇನೋ ಮೂರೂ ಒಂದೇ ಥರ ಅನ್ನಿಸ್ತಿದೆಯಪ್ಪಾ" ಎಂದರು.

ಮಾಲೀಕ ನಕ್ಕ. ನಾದಿನಿ ನಕ್ಕಳು. ನಾನು ನಗಲಿಲ್ಲ. ಅವರು ಹೇಳಿದ್ದು ನನ್ನ ಹೊಟ್ಟೆಯೊಳಗಿದ್ದ ಮಾತೇ. ಅದಕ್ಕೇ ನೆತ್ತಿಗೇರಿತು.

"ನೀವು ಸುಮ್ನಿರಿ," ಎಂದು ಧ್ವನಿ ಬಂದ ಕಡೆಗೆ ತಿರುಗಿ ಕೂಗಿದೆ. "ನಿಮಗೇನು ಗೊತ್ತು ರುಚಿ? ಉಪ್ಪು ಹಾಕೋದು ಮರೆತರೂ ಎರಡು ಸಲ ಬಡಿಸ್ಕೊಂಡು ತಿನ್ನೋ ಮನುಷ್ಯ ನೀವು. ದೊಡ್ಡವರು ಮಾತಾಡೋ ಕಡೆ ಬಾಯಿ ಹಾಕಬೇಡಿ."

ಅವರು ನನಗಿಂತ ಎಂಟು ವರ್ಷ ದೊಡ್ಡವರು. ಅವರ ಕುರ್ಚಿ ಕಿಟಕಿಯ ಕಡೆ ಸರಿದದ್ದು ಕೇಳಿಸಿತು.

ಈಗ ನನ್ನ ಪಾಪದ ಭಾಗಕ್ಕೆ ಬರುತ್ತೇನೆ. ನಾದಿನಿ ಪಕ್ಕದಲ್ಲೇ ಕೂತು ಚೂರಿ ಹಾಕಿದಳು. ಕಟ್! ಒಣಕಟ್ಟಿಗೆ ಮುರಿದ ಹಾಗೆ. ನನ್ನ ಕಿವಿ ನೆಟ್ಟಗಾಯಿತು. ನಲವತ್ತೆರಡು ವರ್ಷ ಕೇಳಿದ ಸದ್ದಲ್ಲವೇ? ಬಂಡೆಯ ಸಿಂಪಿ ಮಾತ್ರ ಹಾಗೆ ಜಗಳವಾಡಿ ಬಾಯಿ ಬಿಡುತ್ತದೆ. ಎರಡನೆಯದಕ್ಕೆ ಹಾಕಿದಳು. ಪುಸ್ ಎಂದು ನಿಟ್ಟುಸಿರು ಬಿಟ್ಟ ಸದ್ದು. ನನ್ನ ತಮ್ಮನ ಕೊಲ್ಲಿಯದ್ದು. ಅವನ ಹಾಗೇ, ಮಾತಿಲ್ಲದೆ ಸೋಲುತ್ತದೆ. ಮೂರನೆಯದು ಚಿಪ್ಪು ಪುಡಿಪುಡಿಯಾಗಿ ಕರಕರ ಎಂದಿತು. ಅಳಿವೆ.

ನಾಲಿಗೆ ಹೋದರೇನು, ಕಿವಿ ಇತ್ತಲ್ಲ.

ಮೂರನ್ನೂ ಒಂದೊಂದಾಗಿ ತಿಂದು, ಬೇಕೆಂದೇ ನಿಧಾನ ಮಾಡಿ, ತಲೆ ಆ ಕಡೆ ಈ ಕಡೆ ಆಡಿಸಿ, ನಾಟಕದ ರಾಜನಂತೆ ಗಂಟಲು ಸರಿಮಾಡಿಕೊಂಡೆ. "ಮೊದಲನೆಯದು ದಕ್ಷಿಣದ ಬಂಡೆ. ಉಪ್ಪು ಕೆನ್ನೆಗೆ ಹೊಡೀತು. ಮೂರನೆಯದು ಅಳಿವೆ, ಸೌತೆಕಾಯಿ. ಎರಡನೆಯದು..." ಇಲ್ಲಿ ಒಂದು ಉಸಿರು ನಿಲ್ಲಿಸಿದೆ. "ಎರಡನೆಯದು ಉತ್ತರದ ಕೊಲ್ಲಿ. ಹಾಲಿನ ಕೆನೆ. ಇದರ ಮುಂದೆ ಉಳಿದವೆರಡೂ ನಿಲ್ಲೋದಿಲ್ಲ."

ಮಾಲೀಕ ಎದ್ದು ನಿಂತು ಚಪ್ಪಾಳೆ ತಟ್ಟಿದ. ನಾದಿನಿ ಟವೆಲು ಬಿಚ್ಚಿದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೂ, "ಸರಿಯಾಗಿ ಹೇಳಿದ್ರಿ ಅತ್ತಿಗೆ. ಮಾತು ಮಾತೇ. ನಿಮ್ಮ ತಮ್ಮಂಗೇ ಆಗಲಿ" ಎಂದಳು.

ಅವಳು ಹಾಗೆ ಅಂದದ್ದೇ ನನಗೆ ಸಹಿಸಲಾಗಲಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕೈ ತೊಳ್ಕೊಂಡು ಬರ್ತೀನಿ," ಎಂದು ಮಾಲೀಕ ಬಚ್ಚಲಿಗೆ ಹೋದ. ತುಂಬಾ ಹೊತ್ತಾಯಿತು. ಬಂದಾಗ ಅವನ ಅಂಗೈಯಲ್ಲಿ ಒಂದು ಸಿಂಪಿ ಕೂತಿತ್ತು.

"ಅಜ್ಜಿ, ಇದು ನಿಮ್ಮ ಬಚ್ಚಲಿನ ಟಬ್ಬಿನಲ್ಲಿತ್ತು."

"ಯಾವ ಟಬ್ಬು?"

"ನೀಲಿದು. ಬಟ್ಟೆ ನೆನೆಸೋದು ಅನ್ಸುತ್ತೆ. ತಳದಲ್ಲಿ ಮರಳು ಇದೆ. ಪಕ್ಕದಲ್ಲಿ ಉಪ್ಪಿನ ಪ್ಯಾಕೆಟ್ಟಿದೆ. ಒಂದು ಗುಲಾಬಿ ಸೋಪೂ ಇದೆ." ಕೊನೆಯ ಮಾತು ಹೇಳುವಾಗ ಅವನ ಧ್ವನಿ ಸಣ್ಣಗಾಯಿತು.

ಎಲ್ಲರೂ ನಮ್ಮ ಯಜಮಾನರ ಕಡೆ ತಿರುಗಿದೆವು. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

"ರೀ."

"ಪಾಪ, ಅವಕ್ಕೆ ಬಾಯಾರಿತ್ತು ಕಣೇ," ಎಂದರು. "ನೀರಿನ ಜೀವಗಳು. ನೀರಿಲ್ಲದೆ ಇಡೀ ದಿನ ಹಾಗೆ ಬಿದ್ದಿದ್ರೆ ಏನು ಗತಿ ಅಂತ ಡ್ರಮ್ಮಿನ ನೀರಿಗೆ ಉಪ್ಪು ಕಲೆಸಿ, ಸಮುದ್ರದಷ್ಟಾಗೋ ತನಕ ಬೆರಳಿಟ್ಟು ನೋಡಿ, ಬೆಳಿಗ್ಗೆಯಿಂದ ಸಾಯಂಕಾಲದ ತನಕ ಬಿಟ್ಟಿದ್ದೆ. ಎಷ್ಟು ಚೆನ್ನಾಗಿ ಬಾಯಿ ತೆರೆದು ಕುಡಿದವು ಗೊತ್ತಾ? ಆಮೇಲೆ ಚಿಪ್ಪು ನೋಡ್ಕೊಂಡು ಅದರದರ ಬೋಗುಣಿಗೇ ಹಾಕಿದೆ. ಒಂದು ಉಳಿದುಬಿಟ್ಟಿದೆ."

"ಮುಟ್ಟಬೇಡಿ ಅಂದಿದ್ದೆ."

"ಮುಟ್ಟಲಿಲ್ಲ. ಜಾಲರಿ ಸೌಟಲ್ಲಿ ಎತ್ತಿದೆ."

ಸಿಂಪಿ ಬಿಡಿಸುವ ಯಾರನ್ನು ಕೇಳಿದರೂ ಹೇಳುತ್ತಾರೆ: ಸಿಂಪಿಗೆ ತನ್ನದೆಂಬ ರುಚಿ ಕಡಿಮೆ, ಅದು ಕುಡಿದ ನೀರಿನದೇ ಹೆಚ್ಚು. ಯಾವ ನೀರಿನಲ್ಲಿ ಕೂತಿತೋ ಆ ನೀರಿನದೇ ಆಗಿಬಿಡುತ್ತದೆ. ಅದಕ್ಕೇ ಒದ್ದೆ ಗೋಣಿ ಮಾತ್ರ ಹೊದಿಸುವುದು. ಮೂರು ತೀರದ ಮೂರು ರುಚಿಯೂ ನಮ್ಮ ನೀಲಿ ಟಬ್ಬಿನಲ್ಲಿ ಒಂದಾಗಿ, ಬಚ್ಚಲಿನ ತೂತಿನಿಂದ ಹರಿದು ಹೋಗಿತ್ತು. ನಾಲಿಗೆ ಹೋಗಿರಲಿಲ್ಲ! ನನ್ನ ನಾಲಿಗೆ ನೆಟ್ಟಗಿತ್ತು. ಅದು ಹೇಳಿದ್ದೇ ನಿಜವಾಗಿತ್ತು.

ಆ ಸಂತೋಷವನ್ನು ಒಂದು ಗುಟುಕು ನುಂಗುವಷ್ಟರಲ್ಲಿ ಮಾಲೀಕ ತಲೆ ಕೆರೆದುಕೊಂಡು ಕೇಳಿದ: "ಹಾಗಾದ್ರೆ ಅಜ್ಜಿ, ಮೂರೂ ಒಂದೇ ರುಚಿ ಇದ್ದಿದ್ರೆ ನೀವು ಸರಿಯಾಗಿ ಹೇಗೆ ಹೇಳಿದ್ರಿ?"

ಚೂರಿ ಕಟ್ ಎಂದ ಸದ್ದು ನನ್ನೊಳಗೇ ಕೇಳಿಸಿತು.

"ಅತ್ತಿಗೆ?" ಎಂದಳು ನಾದಿನಿ. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ಬೈದು ತಪ್ಪಿಸಿಕೊಳ್ಳುತ್ತಿದ್ದೆ.

"ಸದ್ದು ಕೇಳಿ," ಎಂದೆ. "ನೀನು ಬಿಡಿಸೋ ಸದ್ದು."

ಡೈರಿಯಪ್ಪ ತನ್ನ ಡೈರಿಯಿಂದ ಒಂದು ಹಾಳೆ ಸದ್ದಿಲ್ಲದೆ ಹರಿದು ಜೇಬಿಗೆ ಹಾಕಿಕೊಂಡ. ಗಂಭೀರವಾದ ಕಬ್ಬಿಣವೂ ಗುಲಾಬಿಯೂ ಜೊತೆಯಾಗಿ ಒಳಗೆ ಹೋದವು. ನಾದಿನಿ ತನ್ನ ಗುಲಾಬಿಯನ್ನು ನೆನೆದು ನೆಲ ನೋಡಿದಳು. ಆ ಕೋಣೆಯಲ್ಲಿ ತಲೆ ಎತ್ತಿ ಕೂರಬಹುದಾಗಿದ್ದ ಒಬ್ಬರೇ ಒಬ್ಬರು ಕಿಟಕಿಯ ಬಳಿ ಇದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಇನ್ನೂ ನನ್ನ ಬೈಗುಳಕ್ಕೆ ಕಾಯುತ್ತಿದ್ದರು.

"ಮುಂದಿನ ಭಾನುವಾರ ಹೊಸ ಸಿಂಪಿ ತರಿಸೋಣ," ಎಂದ ಮಾಲೀಕ. "ಆದ್ರೆ ತಿಂದು ಹೇಳೋದು ಅಜ್ಜ. ಇವತ್ತು ಈ ಮನೇಲಿ ಬಾಯಲ್ಲಿದ್ದದ್ದನ್ನೇ ಬಾಯಲ್ಲಿ ಹೇಳಿದವರು ಅವರೊಬ್ಬರೇ."

"ನನ್ನ ಅಣ್ಣ ಹೇಳಿದ್ರೆ ನಂಗೆ ಒಪ್ಪಿಗೆ," ಎಂದಳು ನಾದಿನಿ ತಕ್ಷಣ.

ಒಪ್ಪದೆ ಏನು? ತೀರ್ಪುಗಾರ ಅವಳ ಸ್ವಂತ ಅಣ್ಣ. ನನ್ನ ತಮ್ಮನ ಹಣೆಬರಹ ಈಗ ಒಂದು ಚಪ್ಪಲಿಯ ಅಟ್ಟೆಯ ಮೇಲೆ. ಆ ವಾರವೆಲ್ಲ ನಾನು ಪಾತ್ರೆ ತೊಳೆದ ಸದ್ದು ಮೂರು ಮನೆಯಾಚೆ ಕೇಳಿಸಿತಂತೆ.

ಎರಡನೆಯ ಭಾನುವಾರ ಬೋಗುಣಿಗಳ ಪಕ್ಕದಲ್ಲೇ ಮಣೆ ಹಾಕಿಕೊಂಡು ಕಾವಲು ಕೂತೆ. ನಮ್ಮ ಯಜಮಾನರ ಕಣ್ಣಿಗೆ ಟವೆಲು ಕಟ್ಟಿದೆವು. ಕಿವಿಗೆ ಹತ್ತಿ ಇಡಬೇಕೆಂದು ನಾದಿನಿ ಹಟ ಹಿಡಿದಳು. ನನ್ನ ಕಡೆ ನೋಡಿಯೇ ಹೇಳಿದಳು. ನಾನು ಮೂಲೆಯಲ್ಲಿ ನಿಂತು ಸೆರಗಿನ ತುದಿ ಕಚ್ಚಿಕೊಂಡೆ.

ಅವರು ಒಂದೊಂದನ್ನೂ ಅಗಿದರು. ಅವಸರವಿಲ್ಲ. ಮುಖದಲ್ಲಿ ಏನೂ ಇಲ್ಲ. ಆಮೇಲೆ, ಕಿವಿಗೆ ಹತ್ತಿ ಇದ್ದದ್ದರಿಂದ ಲಾಂಚಿನಿಂದ ದಡಕ್ಕೆ ಕೂಗುವ ಹಾಗೆ ಜೋರಾಗಿ ಹೇಳಿದರು: "ಮೊದಲನೇದು ಅಳಿವೆ. ಹಿಂದಿನ ವಾರ ಅಲ್ಲಿ ಮಳೆಯಾಗಿದೆ, ನೀರು ನೀರಾಗಿದೆ. ಎರಡನೇದು ನನ್ನ ತಂಗೀದು. ಗಟ್ಟಿಯಾಗಿದೆ, ಆದ್ರೆ ಉಪ್ಪು ಜಾಸ್ತಿ. ಎರಡು ತಿಂದ ಮೇಲೆ ಮೂರನೇದು ಬೇಡ ಅನ್ಸುತ್ತೆ. ಮೂರನೇದು ಇವಳ ತಮ್ಮಂದು. ಅದು ಇನ್ನೊಂದು ಇದೆಯಾ?"

ನಾದಿನಿ ಚೂರಿ ಒರೆಸಿ ಚೀಲಕ್ಕೆ ಹಾಕಿಕೊಂಡಳು. "ಅಣ್ಣಾ, ಇಷ್ಟು ನಿಜ ಹೇಳಬೇಕಾಗಿರಲಿಲ್ಲ," ಎಂದಳು. ಅವರಿಗೆ ಕೇಳಿಸಲಿಲ್ಲ. ಮಾಲೀಕ ಅವಳಿಗೆ ಹೋಟೆಲಿನಲ್ಲಿ ಸಿಂಪಿ ಬಿಡಿಸುವ ಕೆಲಸ ಹೇಳಿದ. "ನಿಮ್ಮ ಸದ್ದೇ ಅಷ್ಟು ಚೆನ್ನಾಗಿದೆಯಂತೆ," ಎಂದು ನನ್ನ ಕಡೆ ನೋಡಿ ನಕ್ಕ. ನಾನು ನಗಲಿಲ್ಲ. ಒಳಗೆ ಹೋಗಿ ತಮ್ಮನಿಗೆ ಫೋನು ಮಾಡಿದೆ. ಪೆಟ್ಟಿಗೆಗಳು ನೀರಿನಲ್ಲೇ ಇರಲಿ ಎಂದೆ. ಅವನು ಸುಮ್ಮನಾದ. ಆ ಸುಮ್ಮನಾದದ್ದು ಬೇರೆ ಥರದ್ದು.

ಅಂದು ಮಧ್ಯಾಹ್ನ ಊಟಕ್ಕೆ ಕೂತೆವು, ಇಬ್ಬರೇ. ಏನೋ ಒಳ್ಳೆಯ ಮಾತು ಆಡಬೇಕೆಂದು ನನ್ನ ಬಾಯಿ ಒದ್ದಾಡುತ್ತಿತ್ತು. ಅಭ್ಯಾಸವಿಲ್ಲ. ಅವರು ಮೊದಲ ತುತ್ತು ಬಾಯಿಗಿಟ್ಟು, ಅಗಿದು, ಸ್ವಲ್ಪ ಯೋಚಿಸಿ, "ಉಪ್ಪು ಒಂದು ಚಿಟಿಕೆ ಕಡಿಮೆ ಅಲ್ವಾ?" ಎಂದರು.

ನನ್ನ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಏನಂದ್ರಿ? ಇವತ್ತು ಕಡಿಮೆಯಾ?"

"ಇವತ್ತಂತ ಅಲ್ಲ," ಎಂದರು ಮೆಲ್ಲಗೆ. "ಮದುವೆ ಆದಾಗಿಂದ."

"ಮತ್ತೆ ಇಷ್ಟು ವರ್ಷ ಬಾಯಿ ಬಿಡಲಿಲ್ಲ?"

ಅವರು ಉಪ್ಪಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು. "ನೀನೇ ಹೇಳ್ತಿದ್ದೆಯಲ್ಲ, ಅವಸರ ಮಾಡಬಾರದು ಅಂತ. ನೀನು ರೇಗೋದಿಲ್ಲ ಅನ್ನೋ ದಿನಕ್ಕೆ ಕಾಯ್ತಿದ್ದೆ."